ಷಡಕ್ಷರಿಯ ವಾಲ್ವ್ ಸೆಟ್ಟಿಗೆ ಎಡಗಡೆ ದನಿ ಬಂದದ್ದು

ಹನೂರಿನಿಂದ ಕೊಳ್ಳೇಗಾಲಕ್ಕೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್ ಷಡಕ್ಷರಿ ಈ ಲೋಕದಲ್ಲಿ ಯಾರನ್ನೂ ನಂಬಿದವನಲ್ಲ. ಕಣ್ಣು ಮುಚ್ಚಿ ಕೂತ ಪ್ರಯಾಣಿಕನಿಗೆ ನಿಜವಾಗಿ ನಿದ್ದೆ ಬಂದಿದೆಯೋ, ಟಿಕೆಟ್ ತಪ್ಪಿಸಲು ನಟಿಸುತ್ತಿದ್ದಾನೋ ಎಂದು ರೆಪ್ಪೆಯ ಹತ್ತಿರ ಬಾಗಿ ಪರೀಕ್ಷಿಸುತ್ತಿದ್ದ. ಕಂಕುಳಲ್ಲಿರುವ ಮಗುವಿಗೆ ಅರ್ಧ ಟಿಕೆಟ್ಟಿನ ವಯಸ್ಸಾಗಿದೆಯೇ ಎಂದು ತಿಳಿಯಲು ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದ. ಹಾಲಿನವಳು, ಮನೆಯ ಬೀಗ, ಗೋಡೆಯ ಮೇಲಿನ ಪಂಚಾಂಗ ಎಲ್ಲವೂ ಅವನ ಅನುಮಾನಕ್ಕೆ ಒಳಪಟ್ಟ ಪ್ರಜೆಗಳೇ. ಹೆಂಡತಿ ಶಿವರತ್ನಮ್ಮನೂ ಅದರಲ್ಲಿ ಸೇರಿದ್ದಳೇ ಎಂದು ಕೇಳುವ ಧೈರ್ಯ ಯಾರೂ ಮಾಡಲಿಲ್ಲ.

ಇಂಥವನು ಮನಸಾರೆ ಪ್ರೀತಿಸಿದ್ದು ಒಂದು ವಾಲ್ವ್ ಸ್ಟೀರಿಯೋ ಆಂಪ್ಲಿಫೈಯರನ್ನು. ೧೯೮೪ರಲ್ಲಿ ಯಳಂದೂರಿನಾಚೆ, ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದ ಬಂಗಲೆಯೊಂದರ ಹಳೇ ಸಾಮಾನು ಹರಾಜಾದಾಗ ಕೂಗಿ ಹಿಡಿದು ತಂದದ್ದು. ಹಂಡೆಯಷ್ಟು ಭಾರ. ಸ್ವಿಚ್ ಹಾಕಿದರೆ ಗಾಜಿನ ವಾಲ್ವುಗಳು ನಿಧಾನವಾಗಿ ಕೆಂಪಗೆ ಕಾಯಬೇಕು, ಆಮೇಲಷ್ಟೇ ದೊರೆಯ ಠೀವಿಯಲ್ಲಿ ಬಾಯಿ ತೆರೆಯುವುದು. ರೆಕಾರ್ಡ್ ಹಾಕಿದರೆ ಎಡಗಡೆಯ ಸ್ಪೀಕರ್ ಪೆಟ್ಟಿಗೆಯಲ್ಲಿ ಹಾಡುವವಳು, ಬಲಗಡೆಯದರಲ್ಲಿ ತಬಲ, ಪಿಟೀಲು. ದಿನವಿಡೀ ಹಾರನ್ನು, ಚಿಲ್ಲರೆ ಜಗಳ ಕೇಳಿದ ಕಿವಿಗಳನ್ನು ಅವನು ಸಂಜೆ ಆ ಹಾಡುವವಳ ದನಿಯಲ್ಲಿ ತೊಳೆದುಕೊಳ್ಳುತ್ತಿದ್ದ.

೧೯೯೭ರ ಬೇಸಿಗೆಯಲ್ಲಿ ಎಡಗಡೆ ಸತ್ತಿತು. ಹಾಡುವವಳು ಹೋದಳು. ತಬಲ ಮಾತ್ರ, ಯಾರಿಗಾಗಿ ಎಂದು ಗೊತ್ತಿಲ್ಲದೆ, ಬಾರಿಸಿಕೊಂಡು ಉಳಿಯಿತು.

ಮೂರು ತಾಲ್ಲೂಕಿನಲ್ಲಿ ವಾಲ್ವ್ ಸೆಟ್ ಬಿಚ್ಚಬಲ್ಲವನು ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಎದುರಿನ ರೇಡಿಯೋ ರಿಪೇರಿ ಚಿನ್ನಸ್ವಾಮಿ ಒಬ್ಬನೇ. ಷಡಕ್ಷರಿ ಸೆಟ್ಟನ್ನು ಕಂಬಳಿಯಲ್ಲಿ ಸುತ್ತಿ ತನ್ನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ, ತಾನೇ ಅದಕ್ಕೆ ಲಗೇಜ್ ಟಿಕೆಟ್ ಹರಿದ. ತನ್ನ ಮೇಲೂ ಅವನಿಗೆ ಪೂರ್ತಿ ನಂಬಿಕೆ ಇರಲಿಲ್ಲ.

ಚಿನ್ನಸ್ವಾಮಿ ಸೆಟ್ಟನ್ನು ಮಗುಚಿ ನೋಡಿದ. "ಕಂಡೆನ್ಸರೆಲ್ಲ ಮೇಣ ಸುರಿಸ್ತಾ ಅವೆ ಅಣ್ಣ. ಹಳೇವ ಕಿತ್ತು ಹೊಸವು ಹಾಕ್ತೀನಿ. ಕ್ಯಾಸೆಟ್ ಪ್ಲೇಯರ್ ಸೇರ್ಸೋಕೂ ಒಂದ್ ದಾರಿ ಮಾಡ್ಕೊಡ್ತೀನಿ. ಬುಟ್ಟೋಗಿ."

"ಬುಟ್ಟೋಗದಾ? ಕಿತ್ತ ಹಳೇವು ಎಲ್ಗೋಯ್ತವೆ?"

"ಕಸದ ಡಬ್ಬಕ್ಕೆ."

"ಆ ಡಬ್ಬ ಎಲ್ಗೋಯ್ತದೆ?"

ಬೆಂಗಳೂರಿನ ಶ್ರೀಮಂತರು ಹಳೇ ವಾಲ್ವುಗಳಿಗೆ ಬಾಯಿಗೆ ಬಂದ ಬೆಲೆ ಕೊಡುತ್ತಾರೆ ಎಂದು ಯಾರೋ ಪ್ರಯಾಣಿಕ ಹೇಳಿದ್ದ. ಜೀವಮಾನದಲ್ಲಿ ಷಡಕ್ಷರಿ ಅನುಮಾನಿಸದೆ ಒಪ್ಪಿಕೊಂಡ ಮಾತು ಅದೊಂದೇ. ಹಾಗಾಗಿ ಸೆಟ್ಟನ್ನು ಬಿಟ್ಟುಹೋಗದೆ, ತನ್ನ ವಾರದ ರಜೆಯ ದಿನ ಮಾತ್ರ ತಂದು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕಾವಲು ಕೂತು, ಸಂಜೆ ಕಂಬಳಿ ಸುತ್ತಿ ವಾಪಸ್ ಒಯ್ಯತೊಡಗಿದ. ಮಳೆಗಾಲ ಬಂತು. ಕೆಲಸ ಅರ್ಧವೂ ಆಗಲಿಲ್ಲ.

"ಅಣ್ಣ, ನೀವು ಟಿಕೆಟ್ ಹರಿಯೋವಾಗ ನಾನು ಬಂದು ಬೆನ್ನಿಂದೆ ನಿಂತ್ಕತೀನಾ? ನೀವು ಬುಟ್ಟ ಉಸುರ್ಗೆ ನನ್ ಸಾಲ್ಡ್ರಿಂಗ್ ಕಡ್ಡಿ ಆರೋಯ್ತದೆ."

"ನಾನೇನ್ ಮುಟ್ಟಿದ್ನೇನ್ಲಾ? ಸುಮ್ಕೆ ನೋಡ್ತಾ ಕೂತಿವ್ನಿ ಕಣ್ಲಾ."

"ಅದ್ಕೇ ಕೆಲ್ಸ ಸಾಗ್ತಾ ಇಲ್ಲ."

ಕೊನೆಗೆ ಸೆಟ್ಟನ್ನು ಒಂದು ಸಂಜೆ ಅಂಗಡಿಯಲ್ಲಿ ಬಿಟ್ಟುಹೋಗಿ ಮಾರನೇ ಸಂಜೆ ಒಯ್ಯುವುದೆಂದು ಒಪ್ಪಂದವಾಯಿತು. ಚಿನ್ನಸ್ವಾಮಿ ಪಕ್ಕದ ಗೋವಿಂದಮ್ಮನ ಹೋಟೆಲಿಗೆ ಟೀ ತರಲು ಹೋದದ್ದೇ ತಡ, ಷಡಕ್ಷರಿ ಜೇಬಿನಿಂದ ಎಲೆ ಅಡಿಕೆಯ ಸುಣ್ಣದ ಡಬ್ಬಿ ತೆಗೆದ. ನಮ್ಮ ಕಡೆ ಮರಕ್ಕೆ, ಮಡಕೆಗೆ, ಹೊಲದ ಗಡಿಕಲ್ಲಿಗೆ ಸುಣ್ಣದ ಬೊಟ್ಟಿಟ್ಟರೆ ಅದು ಇಂಥವರದು ಎಂದು ಲೆಕ್ಕ. ಷಡಕ್ಷರಿ ವಾಲ್ವುಗಳನ್ನು ಒಂದೊಂದಾಗಿ ಕಿತ್ತು, ಯಾರಿಗೂ ಕಾಣದಂತೆ ಅವುಗಳ ಅಡಿಗೆ, ತಂತಿಯ ಕಾಲುಗಳ ನಡುವೆ, ಕಿರುಬೆರಳಿನಿಂದ ಹಸಿ ಸುಣ್ಣ ಒತ್ತಿ ಮತ್ತೆ ಕೂರಿಸಿದ. ವಾಲ್ವ್ ಬದಲಾಯಿಸಿದರೆ ಚಿನ್ನಸ್ವಾಮಿ ಸಿಕ್ಕಿಬೀಳುತ್ತಾನೆ. ಸಾಮ್ರಾಜ್ಯದ ಗಡಿ ಭದ್ರ ಮಾಡಿದ ಚಕ್ರವರ್ತಿಯ ಹಾಗೆ ಎದೆಯುಬ್ಬಿಸಿ ಬಸ್ಸು ಹತ್ತಿದ.

ಮಾರನೇ ಸಂಜೆ ಹೊಸ ಕಂಡೆನ್ಸರುಗಳೆಲ್ಲ ತಳದಲ್ಲಿ ಕೂತಿದ್ದವು. ಮೇಲಿನ ವಾಲ್ವುಗಳನ್ನು ಮುಟ್ಟುವ ಅಗತ್ಯವೇ ಚಿನ್ನಸ್ವಾಮಿಗೆ ಬಿದ್ದಿರಲಿಲ್ಲ. ಸ್ವಿಚ್ ಹಾಕಿದ. ಸೆಟ್ಟು ಗೂಳಿಯ ಹಾಗೆ ಗುಟುರು ಹಾಕಿತು, ಚಟಪಟ ಸಿಡಿಯಿತು, ಸುಟ್ಟ ವಾಸನೆ ಬೀದಿಗೆ ಹರಡಿತು.

"ನೋಡ್ರಪ್ಪೋ," ಎಂದು ಷಡಕ್ಷರಿ ಟೀ ಕುಡಿಯುವವರನ್ನೆಲ್ಲ ಕರೆದ. "ನನ್ ವಾಲ್ವ ಮಾರ್ಕಂಡು ಇನ್ಯಾವ್ವೋ ಸಿಕ್ಸವ್ನೆ."

ಚಿನ್ನಸ್ವಾಮಿ ಸ್ವಿಚ್ ಆರಿಸಿ, ಬಟ್ಟೆಯಲ್ಲಿ ಹಿಡಿದು ಒಂದು ವಾಲ್ವ್ ಕಿತ್ತ. ಅಡಿಯಲ್ಲಿ ಬೆಳ್ಳಗಿತ್ತು. ಇನ್ನೊಂದು ಕಿತ್ತ. ಅದೂ ಹಾಗೇ. ಬೆರಳಲ್ಲಿ ಒರೆಸಿ ಮೂಸಿ, ಷಡಕ್ಷರಿಯ ಜೇಬಿನ ಡಬ್ಬಿಯನ್ನು ನೋಡಿದ.

ಗೋವಿಂದಮ್ಮ ಅಲ್ಲಿಂದಲೇ, "ಸುಣ್ಣ ಇಕ್ಕಿದ್ರಿ ಸರಿ, ಕಂಡಕ್ಟ್ರಣ್ಣ, ಎಲೆ ಅಡಿಕೇನೂ ಕೊಡ್ಬಾರ್ದಿತ್ತಾ ಅದ್ಕೆ?" ಎಂದಳು. ಬಸ್ ಸ್ಟ್ಯಾಂಡ್ ನಕ್ಕಿತು.

ಚಿನ್ನಸ್ವಾಮಿ ನಗಲಿಲ್ಲ. "ನಿಮ್ ಸುಣ್ಣದಿಂದ ಕಾಲಿಂದ ಕಾಲಿಗೆ ಕರೆಂಟ್ ಹರ್ದು ಎರಡು ವಾಲ್ವ್ ಸುಟ್ಟೋಗವೆ. ನನ್ನ ಕಳ್ಳ ಅಂದ್ಕಂಡು ಗುರ್ತು ಹಾಕ್ದೋರ ಸೆಟ್ಟ ನಾನು ಮುಟ್ಟಲ್ಲ. ತಕಂಡೋಗಿ."

ಈಗ ತಬಲವೂ ಇಲ್ಲ. ಷಡಕ್ಷರಿ ಬಸ್ಸಿನಲ್ಲಿ ಹಲ್ಲು ನೋಡುವುದನ್ನೇ ಬಿಟ್ಟ. ನಿದ್ದೆಯವರನ್ನು ನಿದ್ದೆ ಮಾಡಲು ಬಿಟ್ಟ. ಜನ ಗಾಬರಿಯಾದರು. ಮೂಲೆಯಲ್ಲಿ ಸೆಟ್ಟನ್ನು ನೋಡುತ್ತ ಕೂತ ಗಂಡನಿಗೆ ಶಿವರತ್ನಮ್ಮ ಕೇಳಿದಳು:

"ನಿಮ್ಗೆ ಹಾಡು ಬೇಕೋ, ಅನುಮಾನ ಬೇಕೋ?"

"ಎಲ್ಡೂ ಬೇಕು," ಎಂದು ಅವನು ಪ್ರಾಮಾಣಿಕವಾಗಿ ಹೇಳಿದ.

ಅವಳು ತಾನೇ ಸೆಟ್ಟು ಹೊರಿಸಿಕೊಂಡು ಕೊಳ್ಳೇಗಾಲಕ್ಕೆ ಹೋದಳು. ಸುಟ್ಟ ಎರಡು ವಾಲ್ವಿಗೆ ಬದಲಿ ತರಿಸಿ ಹಾಕಲು ಚಿನ್ನಸ್ವಾಮಿ ಒಪ್ಪಿದ, ಆದರೆ ಒಂದು ಷರತ್ತು: ಕೆಲಸ ಮುಗಿಯುವವರೆಗೆ ಕಂಡಕ್ಟರು ಅಂಗಡಿ ಹತ್ತಬಾರದು. ಆಮೇಲೆ ನಡೆದದ್ದು ಘೋರ ತಪಸ್ಸು. ಅವನ ಬಸ್ಸು ನಿಲ್ಲುವುದೇ ಆ ಅಂಗಡಿಯ ಎದುರು. ಷಡಕ್ಷರಿ ಬೆನ್ನು ಹಾಕಿ ನಿಂತು ಸೀಟಿ ಊದುತ್ತಿದ್ದ. ಒಮ್ಮೆ ಡ್ರೈವರನ ಕನ್ನಡಿಯಲ್ಲಿ ಅಂಗಡಿ ಕಾಣುತ್ತದೆ ಎಂದು ಗೊತ್ತಾಗಿ ಅದರ ಮೇಲೆ ಟವೆಲ್ ಹಾಕಿದ.

ದಸರೆಯ ಹೊತ್ತಿಗೆ ಸೆಟ್ಟು ಮನೆಗೆ ಬಂತು. ವಾಲ್ವುಗಳು ಕಾದವು. ಎಡಗಡೆಯಿಂದ ಹಾಡುವವಳು ಬಂದಳು. ಸಾಲಿನ ನಡುವೆ ಅವಳು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಪಿಟೀಲಿನ ಹಿಂದೆ, ಇಷ್ಟು ವರ್ಷ ಇದೆಯೆಂದೇ ಗೊತ್ತಿಲ್ಲದ ಒಂದು ಕೊಳಲು ಕೂಡ. ಷಡಕ್ಷರಿಯ ಕಣ್ಣು ತುಂಬಿತು. ಆಮೇಲೆ ಕಿರಿದಾಯಿತು.

"ಅಮ್ಮಿ, ಇದು ನಮ್ ಸೆಟ್ಟಲ್ಲ," ಎಂದ ಹೆಂಡತಿಗೆ.

"ಮೇಲ್ಗಡೆ ನೀವೇ ಬೀಳ್ಸಿದ್ ಗೀರು ಅಂಗೇ ಅದಲ್ಲ?"

"ಗೀರ ಯಾರ್ ಬೇಕಾದ್ರೂ ಗೀರ್ತರೆ. ನಮ್ದು ಯಾವತ್ತು ಇಷ್ಟ್ ಚೆಂದಾಗಿ ಹಾಡಿತ್ತು? ಇನ್ಯಾರ್ದೋ ಒಳ್ಳೇದ ಮರ್ತು ನಮ್ಗೆ ಕೊಟ್ಬುಟ್ಟವ್ನೆ."

"ಅಂಗಾದ್ರೆ ವಾಪಸ್ ಕೊಟ್ಬುಡನ."

ಷಡಕ್ಷರಿ ಕೊಳಲಿಗೆ ಕಿವಿಗೊಟ್ಟ.

"ಬಾಗ್ಲಾಕು," ಎಂದ. "ಅವ್ನು ಕೇಳ್ಕಂಡು ಬಂದ್ರೆ ನಾವು ಮನೇಲಿಲ್ಲ."