ಖಾಲಿ ಟೇಬಲಿನ ಫ್ಯಾನು

ಒಂಬತ್ತು ಮಿಲಿಮೀಟರ್ ಉದ್ದ, ಒಂಬತ್ತು ಮಿಲಿಮೀಟರ್ ಅಗಲದ ಅಲ್ಯೂಮಿನಿಯಂ ತುಂಡು. ಮೇಲೆ ಬಾಚಣಿಗೆಯಂತೆ ಐದು ಹಲ್ಲು. ಅದು ಬಾಲ್ಕನಿಯ ನೆಲದ ಮೇಲೆ ಅಂಗಾತ ಬಿದ್ದಿತ್ತು. ಕೆಳಬದಿಯ ಅಂಟು ಬಿಸಿಗೆ ಮೆತ್ತಗಾಗಿ, ಅದಕ್ಕೆ ಮರದ ಪುಡಿಯೂ ಒಂದು ಬಿಳಿ ಕೂದಲೂ ಹತ್ತಿಕೊಂಡಿದ್ದವು. ಕೂದಲು ಅಪ್ಪನದು ಇರಬೇಕು.

ಅದು ಇರಬೇಕಾದದ್ದು ಒಂದು ಎಲೆಕ್ಟ್ರಾನಿಕ್ ಚಿಪ್ಪಿನ ಬೆನ್ನ ಮೇಲೆ, ಅದರ ಬಿಸಿ ಎಳೆದುಕೊಳ್ಳಲು. ಡೊಂಬಿವಲಿಯ ನಮ್ಮ ಮನೆಯ ಬಾಲ್ಕನಿಯಲ್ಲಿ, ಬಟ್ಟೆ ಒಣಗಿಸುವ ಹಗ್ಗದ ಕೆಳಗೆ, ನಾನು ಜೋಡಿಸಿದ ಪುಟ್ಟ ಸಿಎನ್‌ಸಿ ಯಂತ್ರವಿದೆ. ಕಂಪ್ಯೂಟರಿನಲ್ಲಿ ಬರೆದಿಟ್ಟ ಗೆರೆಯನ್ನು ಅದು ಮರದಲ್ಲಿ ಕೊರೆಯುತ್ತದೆ. ಮೂರು ಮೋಟರು. ಪ್ರತಿಯೊಂದನ್ನೂ ನಡೆಸಲು ಹೆಬ್ಬೆರಳಿನ ತುದಿಯಷ್ಟು ದೊಡ್ಡ ಬೋರ್ಡು, ಅದರ ನಡುವೆ ಒಂದು ಕರಿ ಚಿಪ್. ಡ್ರೈವರ್ ಎನ್ನುತ್ತಾರೆ ಅದಕ್ಕೆ. ಕೆಲಸ ಮಾಡುವಾಗ ಅದು ಬಿಸಿಯಾಗುತ್ತದೆ. ಕಾವು ಮಿತಿ ಮೀರಿದರೆ ತಾನು ಸುಟ್ಟುಹೋಗದಿರಲು ಸ್ವಲ್ಪ ಹೊತ್ತು ನಿಂತು, ತಣ್ಣಗಾಗಿ, ಮತ್ತೆ ಶುರುಮಾಡುತ್ತದೆ. ಅಷ್ಟರಲ್ಲಿ ಮೋಟರು ಇಡಬೇಕಿದ್ದ ಹೆಜ್ಜೆಗಳು ತಪ್ಪಿರುತ್ತವೆ. ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಸರಿಯಾದ ಜಾಗದಲ್ಲೇ ಇದ್ದೇನೆಂದು ಕೊರೆಯುತ್ತ ಹೋಗುತ್ತದೆ.

ಕೊರೆಯಬೇಕಿದ್ದದ್ದು ಒಂದೇ ಸಾಲು, ಒಂದೇ ಹಲಗೆಯ ಮೇಲೆ. ಹಲಗೆ ಅಪ್ಪ ಮ್ಯಾನೇಜರ್ ಆಗಿದ್ದ ಕೋಪರಿಯ ಹೋಟೆಲಿನದು. ಅಲ್ಲಿನ ಗಲ್ಲಾದ ಮೇಲ್ಭಾಗ, ಸಾಗುವಾನಿ, ಮೂವತ್ತು ವರ್ಷ ಅಪ್ಪನ ಎಡ ಅಂಗೈ ಊರಿದ್ದ ಜಾಗ. ಕಟ್ಟಡ ಕೆಡವುವಾಗ ಮಾಲೀಕರು ಅದನ್ನು ಅಪ್ಪನಿಗೇ ಕೊಟ್ಟರು. ಸಾಲು ಅಪ್ಪನ ಕೈಬರಹದ್ದು. ಅಡುಗೆಮನೆಯ ಬಾಗಿಲ ಪಕ್ಕದ ಕರಿಹಲಗೆಯಲ್ಲಿ ಭಟ್ಟರಿಗೆಂದು ಅವರು ದಿನಾ ಸಂಜೆ ಕನ್ನಡದಲ್ಲಿ ಬರೆಯುತ್ತಿದ್ದರು: ‘ನಾಳೆಗೆ ಉದ್ದು ನೆನೆಸಿ.’ ಕಾಲೇಜಿನ ದಿನಗಳಲ್ಲಿ ನಾನು ತೆಗೆದ ಒಂದು ಫೋಟೋದಲ್ಲಿ ಆ ಸಾಲು ಉಳಿದಿತ್ತು. ‘ದ್ದು’ವಿನ ಒತ್ತನ್ನು ಅವರು ಉದ್ದಕ್ಕೆ ಎಳೆದು ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ತಿರುಗಿಸುತ್ತಿದ್ದರು.

ಎರಡು ವರ್ಷದಿಂದ ಅಪ್ಪನ ನೆನಪು ಕರಗುತ್ತಿದೆ. ಈಗ ಅವರು ಬರೆಯುವುದಿಲ್ಲ. ಓದುತ್ತಾರೆ. ಓದುವುದೂ ಎಷ್ಟು ದಿನ ಎಂದು ಹೇಳಲಾಗದು ಎಂದರು ಡಾಕ್ಟರು. ಅದು ಹೋಗುವ ಮೊದಲು ಅವರು ತಮ್ಮ ಅಕ್ಷರವನ್ನು ತಮ್ಮ ಹಲಗೆಯ ಮೇಲೆ ನೋಡಿ, ಇದು ನನ್ನದು ಎನ್ನಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ.

ಅಲ್ಯೂಮಿನಿಯಂ ತುಂಡು ಬಿದ್ದ ದಿನ ಯಂತ್ರದಲ್ಲಿದ್ದದ್ದು ಪರೀಕ್ಷೆಗೆಂದು ಇಟ್ಟ ಪ್ಲೈವುಡ್ಡಿನ ಚೂರು. ಮೋಟರು ಮುಗ್ಗರಿಸುವುದು ಕೇಳಿಸಿ ಗಾಬರಿಯಲ್ಲಿ ಅದರ ವಾಯರನ್ನೇ ಕಿತ್ತೆ, ಕರೆಂಟು ಇರುವಾಗಲೇ. ಹಾಗೆ ಮಾಡಬಾರದೆಂದು ಗೊತ್ತಿತ್ತು. ಚಿಪ್ ಅಲ್ಲಿಗೆ ಸತ್ತಿತು.

ಶನಿವಾರ ಕಲ್ಯಾಣ್ ಸ್ಟೇಷನ್ನಿನ ಹಿಂದಿನ ಗಲ್ಲಿಗೆ ಹೋದೆ. ಅಂಗಡಿಯಲ್ಲಿ ರಿಪೇರಿಗೆ ಕೂತವರು ಐವತ್ತು ದಾಟಿದವರು. ಅವರೂ ನಾನೂ ಹಿಂದಿಯಲ್ಲಿ ಮಾತಾಡುತ್ತಿರುವಾಗ ಅಮ್ಮನ ಫೋನು ಬಂತು. ನಾನು ಇಟ್ಟ ಮೇಲೆ ಅವರು ನಕ್ಕರು.

“ಕನ್ನಡದೋರೇನ್ರಿ? ಮೊದಲ ಹೇಳಬಾರದ? ಸುಮ್ಮನ ಇಷ್ಟೊತ್ತು ಹಿಂದ್ಯಾಗ ಹಲ್ಲು ಮುರಕೊಂಡ್ವಿ.” ಚಿಪ್ಪನ್ನು ಬೆಳಕಿಗೆ ಹಿಡಿದರು. “ಚಾಲೂ ಇದ್ದಾಗ ವಾಯರ್ ಕಿತ್ರಿ?”

“ಹೌದು.”

“ಇಂಜಿನಿಯರ್ ಅದೀರಿ?”

“ಹೌದು.”

“ಅದಕ್ಕ.”

ಮೂರನ್ನೂ ಬದಲಿಸಲೆಂದು, ಒಂದು ಹೆಚ್ಚಿಗೆ ಸೇರಿಸಿ, ನಾಲ್ಕು ಹೊಸ ಡ್ರೈವರ್ ಕೊಟ್ಟರು. ಅಂಟಿಸುವ ಮೊದಲು ಚಿಪ್ಪನ್ನು ಸ್ಪಿರಿಟ್ಟಿನಿಂದ ಒರೆಸಲು ಹೇಳಿದರು. “ಈ ಹಲ್ಲಿನ ತುಂಡು ಮ್ಯಾಲೆ ಹಚ್ಚೂದು ಅರ್ಧ ಕೆಲಸ ಅಷ್ಟ. ಇದರ ಬಿಸಿ ಹೊಟ್ಟಿ ಕೆಳಗ ಇಳೀತೈತಿ. ಬೋರ್ಡ್ ಎತ್ತರಿಸಿ ಇಡ್ರಿ, ಕೆಳಗೂ ಗಾಳಿ ಆಡಲಿ. ಫ್ಯಾನ್ ಹಚ್ರಿ. ಮತ್ತ ಕೆಲಸ ಮುಗಿಯೂತನಕ ಅದು ಬಂದ್ ಆಗಬಾರದು, ನೋಡ್ರಿ.”

ಹಾಗೆಯೇ ಮಾಡಿದೆ. ಬೋರ್ಡನ್ನು ನಾಲ್ಕು ಬಾಟಲಿ ಮುಚ್ಚಳಗಳ ಮೇಲೆ ಎತ್ತರಿಸಿದೆ. ಚಿಪ್ಪಿನ ಪಕ್ಕದ ಸಾಸಿವೆಯಷ್ಟು ಸ್ಕ್ರೂ ತಿರುಗಿಸಿ, ಮೀಟರ್ ಹಿಡಿದು, ಮೋಟರಿಗೆ ಬೇಕಾದಷ್ಟೇ ಕರೆಂಟು ಹೋಗುವಂತೆ ಇಳಿಸಿದೆ. ಬದಿಗೆ ಟೇಬಲ್ ಫ್ಯಾನು ಇಟ್ಟೆ. ಪ್ಲೈವುಡ್ಡಿನ ಮೇಲೆ ಎರಡು ಗಂಟೆ ಓಡಿಸಿ, ಅಲ್ಯೂಮಿನಿಯಂ ಹಲ್ಲುಗಳ ಮೇಲೆ ಬೆರಳಿಟ್ಟು ಇಪ್ಪತ್ತರವರೆಗೆ ಎಣಿಸಿದೆ. ಬೆರಳು ತೆಗೆಯಬೇಕೆನಿಸಲಿಲ್ಲ. ಬಾಲ್ಕನಿಯಲ್ಲಿ ಇದ್ದದ್ದು ಒಂದೇ ಪ್ಲಗ್, ಅದು ಯಂತ್ರಕ್ಕೆ. ಫ್ಯಾನಿನ ವಾಯರನ್ನು ಕಿಟಕಿಯಿಂದ ಒಳಗೆ ತಂದು ಹಾಲಿನ ಸ್ವಿಚ್‌ಬೋರ್ಡಿಗೆ ಹಾಕಿದೆ.

ತಪ್ಪು ಅಲ್ಲಿತ್ತು. ಹೋಟೆಲಿನಲ್ಲಿ ಫ್ಯಾನಿನ ಸ್ವಿಚ್ಚುಗಳ ಸಾಲು ಗಲ್ಲಾದ ಹಿಂದೆ, ಅಪ್ಪನ ಭುಜದ ಎತ್ತರದಲ್ಲಿತ್ತು. ಗಿರಾಕಿ ಎದ್ದು ಕೈತೊಳೆಯಲು ಹೋಗುವಷ್ಟರಲ್ಲಿ ಅಪ್ಪ ತಿರುಗಿಯೂ ನೋಡದೆ ಆ ಟೇಬಲಿನ ಫ್ಯಾನು ಆರಿಸುತ್ತಿದ್ದರು. ಮನೆಯಲ್ಲೂ ಹಾಗೆಯೇ. ಓದುತ್ತಿದ್ದ ನಾನು ನೀರು ಕುಡಿದು ಬರುವುದರೊಳಗೆ ನನ್ನ ಫ್ಯಾನು ನಿಂತಿರುತ್ತಿತ್ತು. ಎಲ್ಲ ಮರೆತ ಮೇಲೂ ಅವರ ಕೈ ಇದನ್ನು ಮರೆತಿರಲಿಲ್ಲ. ಚಿಪ್ಪಿನ ತಳದ ಬಿಸಿಯನ್ನೂ ಲೆಕ್ಕ ಹಾಕಿದ್ದ ನನಗೆ ಇದು ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಲಗೆಯನ್ನು ಬಿಗಿದೆ. ಅದರ ಇನ್ನೊಂದು ಬದಿ ಗೆದ್ದಲು ತಿಂದು ಜರಡಿಯಾಗಿತ್ತು. ಇದ್ದದ್ದು ಈ ಒಂದೇ ಮುಖ. ಮೇ ತಿಂಗಳು. ಬಾಲ್ಕನಿಯ ತಗಡು ಆಗಲೇ ಕಾದಿತ್ತು. ‘ನಾಳೆಗೆ’ ಪೂರ್ತಿಯಾಗುವವರೆಗೆ ನಾನು ಅಲ್ಲೇ ನಿಂತಿದ್ದೆ. ಅಂಚುಗಳು ಸ್ವಚ್ಛವಾಗಿ ಬಂದಿದ್ದವು. ಅಷ್ಟರಲ್ಲಿ ಅಮ್ಮ ಕರೆದರು. ಗ್ರೈಂಡರಿನ ಕಲ್ಲು ಎತ್ತಿಕೊಡಬೇಕಿತ್ತು. ಕಲ್ಲು ಎತ್ತಿದೆ, ಹಿಟ್ಟು ಬಳಿದುಕೊಟ್ಟೆ, ಪಾತ್ರೆ ಹಿಡಿದೆ. ಇಪ್ಪತ್ತು ನಿಮಿಷ ಆಗಿರಬಹುದು.

ವಾಪಸು ಬಂದಾಗ ಫ್ಯಾನು ನಿಂತಿತ್ತು. ಯಂತ್ರ ಓಡುತ್ತಲೇ ಇತ್ತು. ‘ಉ’ ಅರ್ಧಕ್ಕೆ ಜಾರಿ, ‘ದ್ದು’ ಅದರ ಮೇಲೆಯೇ ಏರಿ, ಒತ್ತಿನ ಬಾಲ ಹಿಂದಕ್ಕೆ ಬಂದು ‘ಗೆ’ಯನ್ನು ಸೀಳಿತ್ತು. ಯಂತ್ರ ನಿಲ್ಲಿಸಿ ಒಳಗೆ ಬಂದೆ. ಅಪ್ಪ ಸ್ವಿಚ್‌ಬೋರ್ಡಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ಎಡ ಅಂಗೈ ಮೊಣಕಾಲಿನ ಮೇಲೆ ಊರಿ.

“ಯಾರಿಲ್ಲದ ಟೇಬಲಿಗೆ ಫ್ಯಾನ್ ಯಾಕೆ ಮಾರಾಯ್ತಿ? ಕರೆಂಟ್ ಧರ್ಮಕ್ಕೆ ಬರ್ತದಾ?” ಎಂದರು, ನಗುತ್ತಾ.

ನಾನು ಜೋರಾಗಿ ಮಾತಾಡುವವಳಲ್ಲ. ಅಂದು ಪಕ್ಕದ ಮನೆಗೂ ಕೇಳಿಸಿರಬೇಕು.

“ಇದು ನಿಮ್ಮ ಹೋಟೆಲಲ್ಲ! ಹೋಟೆಲ್ ಮುಚ್ಚಿ ಹೋಗಿದೆ. ಆ ಸ್ವಿಚ್ಚಿಗೆ ಇನ್ನು ಕೈ ಹಾಕ್ಬೇಡಿ!”

ಅಪ್ಪನ ಮುಖದ ನಗು ಒಮ್ಮೆಲೇ ಹೋಗಲಿಲ್ಲ. ನಿಧಾನವಾಗಿ ಹೋಯಿತು.

“ಹೋಟೆಲ್ ಮುಚ್ಚಿತಾ?” ಎಂದರು. “ಯಾವಾಗ? ಭಟ್ಟರು ಎಲ್ಲಿಗೆ ಹೋದರು ಹಾಗಾದರೆ?”

ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದರು. ಅಪ್ಪನನ್ನು ಕೋಣೆಗೆ ಕರೆದುಕೊಂಡು ಹೋಗಿ ಮಲಗಿಸಿ ಬಂದು ಹೇಳಿದರು, “ಎಂತಕ್ಕೆ ಹೇಳಿದ್ದು ಅದನ್ನು? ‘ಇವತ್ತು ರಜೆ’ ಅಂತ ನಾನು ದಿನಾ ಹೇಳಿಕೊಂಡು ಬರ್ತಿದ್ದೆ.”

ನನಗೆ ಅದು ಗೊತ್ತಿರಲಿಲ್ಲ. ವಾರದ ದಿನಗಳಲ್ಲಿ ನಾನು ಐರೋಲಿಯ ಆಫೀಸಿನಲ್ಲಿರುತ್ತೇನೆ.

ಮಧ್ಯಾಹ್ನ ಚಿಪ್ಪನ್ನು ಪರೀಕ್ಷಿಸಿದೆ. ಸುಟ್ಟಿರಲಿಲ್ಲ. ತಣ್ಣಗಾದ ಮೇಲೆ ಒಂದು ಹೆಜ್ಜೆಯೂ ತಪ್ಪದೆ ಓಡಿತು. ಕೆಟ್ಟದ್ದು ಹಲಗೆ ಮಾತ್ರ. ಆಳವಾಗಿ ಕೊರೆದದ್ದನ್ನು ಉಜ್ಜಿ ತೆಗೆಯುವಷ್ಟು ದಪ್ಪ ಅದರಲ್ಲಿ ಉಳಿದಿರಲಿಲ್ಲ.

ಸಂಜೆ ಚಹಾ ಕುಡಿಯುವಾಗ, ಇನ್ನು ಕಾಯುವುದಕ್ಕೆ ಏನೂ ಇಲ್ಲವೆನಿಸಿ, ಹಲಗೆಯನ್ನು ಅಪ್ಪನ ಮಡಿಲಲ್ಲಿಟ್ಟೆ. ಬೆಳಗಿನ ಮಾತು ಅವರಲ್ಲಿ ಉಳಿದಂತಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಬೆರಳಿನಿಂದ ಅಕ್ಷರಗಳನ್ನು ಮುಟ್ಟಿ ನೋಡಿದರು. ಸೀಳಿಹೋದ ಬಾಲದ ತುದಿಯಲ್ಲಿ ಬೆರಳು ನಿಂತಿತು.

“ಯಾರು ಬರೆದದ್ದಿದು?”

“ಒಂದು ಹೋಟೆಲಿನವರು,” ಎಂದೆ.

“ಕೈ ಒಳ್ಳೇದುಂಟು,” ಎಂದರು. “ಆದ್ರೆ ಸಾಲು ಸೊಟ್ಟ. ಗಡಿಬಿಡಿಯ ಜನ.” ಮತ್ತೆ ಸ್ವಲ್ಪ ಹೊತ್ತು ನೋಡಿ, “ನಮ್ಮವರು ಯಾರೂ ಅಲ್ಲ,” ಎಂದು ವಾಪಸು ಕೊಟ್ಟರು. ಅಂಗೈ ಊರಿದ್ದ ಜಾಗವನ್ನು ಅವರ ಕೈ ಹುಡುಕಲಿಲ್ಲ. ಸಾಲು ನೆಟ್ಟಗಿದ್ದಿದ್ದರೆ ಗುರುತಿಸುತ್ತಿದ್ದರೇ ಎಂದು ಕೇಳಿಕೊಳ್ಳುವುದನ್ನು ನಾನು ಆಮೇಲೆ ಬಿಟ್ಟೆ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಯಂತ್ರವನ್ನು ಬಿಚ್ಚಿದೆ. ಮೊದಲು ಪ್ಲಗ್, ಆಮೇಲೆ ಮೋಟರಿನ ವಾಯರು, ಕೊನೆಗೆ ಮೂರು ಡ್ರೈವರುಗಳು. ಅವನ್ನು ಅವು ಬಂದಿದ್ದ ಪೆಟ್ಟಿಗೆಯಲ್ಲಿಟ್ಟೆ. ಹಲಗೆಯನ್ನು ಬಟ್ಟೆ ಸುತ್ತಿ ಕಪಾಟಿನ ಮೇಲಿಟ್ಟೆ. ಫ್ಯಾನನ್ನು ಮಾತ್ರ ಅಲ್ಲೇ ಬಿಟ್ಟು, ಸ್ವಿಚ್ ಹಾಕಿ, ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಖಾಲಿ ಬಾಲ್ಕನಿಯಲ್ಲಿ ಅದು ತಿರುಗುತ್ತಿತ್ತು. ಅಪ್ಪ ಹಲ್ಲುಜ್ಜಿ ಬಂದರು. ಸ್ವಿಚ್‌ಬೋರ್ಡಿನ ಹತ್ತಿರ ನಿಂತರು. ತಿರುಗುವ ಫ್ಯಾನನ್ನು ನೋಡಿದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೋಗಿ ಕುರ್ಚಿಯಲ್ಲಿ ಕೂತರು. ನಾನು ಬೈದದ್ದು ನೆನಪಿತ್ತೋ, ಆರಿಸಬೇಕೆಂಬುದೇ ಮರೆತಿತ್ತೋ, ತಿಳಿಯಲಿಲ್ಲ. ಇನ್ನೂ ಐದು ನಿಮಿಷ ಕಾದೆ. ಆಮೇಲೆ ನಾನೇ ಹೋಗಿ ಸ್ವಿಚ್ ಆರಿಸಿ, ಚೀಲ ತೆಗೆದುಕೊಂಡು ಸ್ಟೇಷನ್ನಿಗೆ ಹೊರಟೆ.