ಕೇಸ್ ಶೀಟಿನಲ್ಲಿ ನಾನು ಬರೆದ ಸುಳ್ಳು

ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ ನಾನು ನರ್ಸಾಗಿರುವ ಸಣ್ಣ ಆಸ್ಪತ್ರೆಯಲ್ಲಿ ಮೊದಲು ಒಂದು ರೂಢಿಯಿತ್ತು. ಜೀವ ಬೇಡವೆಂದು ಏನಾದರೂ ಕುಡಿದು ಬಂದವರ ಕೇಸ್ ಶೀಟಿನಲ್ಲಿ ‘ಗೊತ್ತಾಗದೆ ಕುಡಿದಿದ್ದು’ ಎಂದು ಬರೆಯುವುದು. ಮನೆಯವರು ಕೈಮುಗಿಯುತ್ತಿದ್ದರು, ನಾವು ಬರೆಯುತ್ತಿದ್ದೆವು. ಅದು ಉಪಕಾರವೆಂದೇ ನಂಬಿದ್ದೆ. ಎಂಥ ಮಂಕು ಬಡಿದಿತ್ತೋ ನನಗೆ.

ಆ ಹೆಣ್ಣುಮಗಳನ್ನು ಆಟೋದಲ್ಲಿ ಕರೆತಂದವರು ಅವಳ ಅತ್ತೆ.

“ಕೆಮ್ಮಿನ ಔಸ್ದಿ ಅಂದ್ಕೊಂಡು ಕುಡುದ್ಬುಟ್ಲು ಕಣವ್ವಾ. ಅಂಗೇ ಬರ್ಕೊ. ಪೋಲೀಸು ಗೀಲೀಸು ಅಂತ ಬಂದ್ರೆ ನಾವು ಊರಲ್ಲಿ ತಲೆ ಎತ್ಕೊಂಡು ತಿರ್ಗಂಗಿಲ್ಲ.”

ಹಾಗೇ ಬರೆದೆ. ಮಂಚದ ಮೇಲೆ ಮಲಗಿದ್ದ ಸೊಸೆ ನಾನು ಬರೆಯುವುದನ್ನೇ ನೋಡುತ್ತಿದ್ದಳು.

ಹಾಸನದಿಂದ ಮನೋವೈದ್ಯರು ಎರಡು ವಾರಕ್ಕೊಮ್ಮೆ, ಮಂಗಳವಾರ ಬರುತ್ತಿದ್ದರು. ವಾರ್ಡಿನಲ್ಲಿ ಯಾರನ್ನು ನೋಡಬೇಕೆಂದು ಅವರಿಗೆ ಪಟ್ಟಿ ಕೊಡುತ್ತಿದ್ದವಳು ನಾನೇ. ಗೊತ್ತಾಗದೆ ಕುಡಿದವಳಿಗೆ ಮನೋವೈದ್ಯರು ಯಾಕೆ? ಅವಳ ಹೆಸರು ಪಟ್ಟಿಗೆ ಸೇರಲಿಲ್ಲ. ನಾಲ್ಕನೇ ದಿನ ಹೊಟ್ಟೆಯುರಿಗೆ ಮಾತ್ರೆ ಕೊಟ್ಟು, ಖಾರ ಕಮ್ಮಿ ಮಾಡಮ್ಮ ಎಂದು ಮನೆಗೆ ಕಳಿಸಿದೆವು.

ಎರಡು ತಿಂಗಳಿಗೆ ಮತ್ತೆ ಬಂದಳು. ಈ ಸಲ ಉಳಿಸಿಕೊಳ್ಳಲು ಎರಡು ದಿನ ಒದ್ದಾಡಿದೆವು. ಮೂರನೆಯ ದಿನ ಅವಳು ಕಣ್ಣು ಬಿಟ್ಟಾಗ ನನಗೆ ಸಿಟ್ಟು ನೆತ್ತಿಗೇರಿತು. ಭಯಕ್ಕೋ ಏನೋ, ನನ್ನ ಬುದ್ಧಿಯೇ ಹಾಗೆ, ಹೆದರಿದರೆ ಬೈಯುತ್ತೇನೆ.

“ನಿಂಗೇನ್ ಬಂದಿತ್ತೇ ದೊಡ್ರೋಗ? ನಮ್ಗೂ ಜೀವ ಇಲ್ವಾ?” ಎಂದು ಗದರಿದೆ.

ಅವಳು ಅಳಲಿಲ್ಲ. “ಓದ್ಸಲ ನೀವು ಕೇಳ್ತೀರಾ ಅಂತ ಕಾಯ್ತಿದ್ದೆ ಅಕ್ಕ. ನೀವು ಬರ್ಕೊಂಡು ಒಂಟೋದ್ರಿ,” ಎಂದಳು.

ಅತ್ತೆಯನ್ನು ಎಳನೀರು ತರಲು ಕಳಿಸಿ, ಸ್ಟೂಲು ಎಳೆದುಕೊಂಡು ಕೂತೆ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ನಾವೆಲ್ಲ ಹೆದರುತ್ತಿದ್ದವರು. ಆದರೂ ಕೇಳಿದೆ. “ಸಾಯ್ಬೇಕು ಅಂತ್ಲೇ ಕುಡ್ದ್ಯಾ?”

“ಊಂ ಕಣಕ್ಕ.”

ಬಸುರಿಗೆ ಏಳು ತಿಂಗಳಾದಾಗಲೇ ಹೆರಿಗೆಯಾಗಿ ಮಗು ಹೋಗಿತ್ತು. ಅದರ ಮುಖ ಕಂಡವಳು ಮನೆಯಲ್ಲಿ ಅವಳೊಬ್ಬಳೇ. ಅದರ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ, ಮರೆಯಲಿ ಎಂದು. ಎಳನೀರು ಬರುವವರೆಗೂ, ಬಂದ ಮೇಲೂ ಅವಳು ಹೇಳುತ್ತಲೇ ಇದ್ದಳು. ಅತ್ತೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಈ ಸಲ ಕೇಸ್ ಶೀಟಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ. ಅತ್ತೆ ತಡೆಯಲಿಲ್ಲ.

ಮಂಗಳವಾರ ಮನೋವೈದ್ಯರು ಅವಳ ಜೊತೆ ಬಹಳ ಹೊತ್ತು ಕೂತರು. ಆಮೇಲೆ ನಮ್ಮನ್ನೂ ಕರೆದು ಹೇಳಿದರು: ಕೇಳಿದರೆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದದ್ದು ಹೊರಬರುತ್ತದೆ. ಇಂಥವರನ್ನು ಕಾನೂನೂ ಈಗ ಶಿಕ್ಷೆಗೆ ಎಳೆಯುವುದಿಲ್ಲ ಎಂದರು. ಮನೆಗೆ ಹೋದ ಮೊದಲ ದಿನಗಳೇ ಕಷ್ಟದವು, ವಾರದೊಳಗೆ ಫೋನ್ ಮಾಡಿ ಎಂದೂ ಹೇಳಿದರು. ಅಂದಿನಿಂದ ಅದು ನನ್ನ ಕೆಲಸವಾಯಿತು. ಕೆಲವರು ಎತ್ತುವುದಿಲ್ಲ, ಕೆಲವರು ನಂಬರನ್ನೇ ಸುಳ್ಳು ಕೊಟ್ಟಿರುತ್ತಾರೆ. ಅವತ್ತೆಲ್ಲ ನನಗೆ ಊಟ ಸೇರುವುದಿಲ್ಲ.

ಅವಳು ಮನೆಗೆ ಹೊರಟ ದಿನ ಅತ್ತೆ ನನ್ನನ್ನು ಕಾರಿಡಾರಿನಲ್ಲಿ ತಡೆದರು. ಮನೆಯಲ್ಲಿದ್ದ ಗದ್ದೆಯ ಔಷಧಿಯನ್ನೆಲ್ಲ ಆಗಲೇ ಮೈದುನನ ಮನೆಗೆ ಸಾಗಿಸಿ ಬೀಗ ಹಾಕಿಸಿದ್ದರು. ಆದರೂ ಮುಖದಲ್ಲಿ ನೆಮ್ಮದಿಯಿರಲಿಲ್ಲ.

“ನಾನೂ ಕೇಳ್ಬೌದೇನವ್ವಾ ಇವ್ಳನ್ನ? ಕೇಳುದ್ರೆ ಮಗೀನ್ ನೆಪ್ಪಾಗಿ ಇನ್ನೂ ಸಂಕ್ಟ ಆಗಾಕಿಲ್ವಾ?”

“ಮರ್ತಿದ್ರೆ ತಾನೆ ನೆಪ್ಪಾಗೋದು, ಕೇಳಿ,” ಎಂದೆ.

ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದರು. ಅತ್ತೆ ಬಹಳ ಹೊತ್ತು ಚೀಲದ ಹಿಡಿ ಸರಿಮಾಡುತ್ತಿದ್ದರು. ಆಮೇಲೆ ಸೊಸೆಯ ಕಡೆ ತಿರುಗಿ, “ಮಗು ಯಾರಂಗಿತ್ತೇ?” ಎಂದರು.