ಬೈತಖೋಲದ ಬ್ಯಾಟರಿ ವೈನಿ

ಬೆಳಗಿನ ಐದೂವರೆ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ ಮೊದಲ ದಿನ. ಕಾರವಾರದ ಬೈತಖೋಲ ಬಂದರಿನಲ್ಲಿ ಎರಡು ತಿಂಗಳು ಸುಮ್ಮನಿದ್ದ ಬೋಟುಗಳೆಲ್ಲ ಒಟ್ಟಿಗೇ ಗುಡುಗುಡು ಶುರುಮಾಡಿವೆ. ಯಾರಿಗೂ ನಿಂತು ಮಾತಾಡುವ ವ್ಯವಧಾನವಿಲ್ಲ. ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಟ್ಟ ವೈಜಯಂತಿ ಮಾತ್ರ ಒಂದು ಬೋಟಿನ ಇಂಜಿನ್ ಕೋಣೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಬ್ಯಾಟರಿಯ ಮುಚ್ಚಳ ತೆಗೆದು ಮೂಸುತ್ತಿದ್ದಾರೆ.

"ಸುಕ್ರಾ, ನಿನ್ನೆ ಬೋಟ್ ತೊಳೆದದ್ದು ಯಾರು?"

ಬೋಟು ನಡೆಸುವ ತಾಂಡೇಲ ಸುಕ್ರ ತಲೆ ಕೆರೆದುಕೊಳ್ಳುತ್ತಾನೆ. ಪೂಜೆಗೆಂದು ಬೋಟಿನ ಆಳುಗಳಾದ ಖಲಾಸಿಗಳು ಪೈಪು ಹಿಡಿದು, ಕಡಲ ನೀರಲ್ಲಿ ಮೂಲೆಮೂಲೆ ಬಿಡದೆ ತೊಳೆದಿದ್ದಾರೆ. ಭಕ್ತಿ ಹೆಚ್ಚಾಗಿ, ಮುಚ್ಚಳ ತೆರೆದಿದ್ದ ಬ್ಯಾಟರಿಗೂ ಸ್ನಾನವಾಗಿದೆ. ಉಪ್ಪುನೀರು ಒಳಗಿಳಿದ ಬ್ಯಾಟರಿ ಚಾರ್ಜ್ ಆಗುವಾಗ ಬ್ಲೀಚಿಂಗ್ ಪುಡಿಯಂಥ ಘಾಟು ಬರುತ್ತದೆ. ವೈಜಯಂತಿಯವರ ಮೂಗಿಗೆ ಅದು ಹನ್ನೊಂದು ವರ್ಷದ ಪರಿಚಯ.

ಅಂಕೋಲೆಯ ಮಂಜಗುಣಿಯಿಂದ ಮದುವೆಯಾಗಿ ಬಂದವರು; ಬಂದರಿನವರಿಗೆಲ್ಲ 'ವೈನಿ', ಅಂದರೆ ಅತ್ತಿಗೆ. ಬ್ಯಾಟರಿ ಕೆಲಸ ಗಂಡ ಬೊಮ್ಮಯ್ಯನವರದು. ಭಾರ ಎತ್ತಿ ಎತ್ತಿ ಅವರ ಸೊಂಟ ಹಿಡಿದ ಮೇಲೆ ಇವರ ಕೈಗೆ ಬಂತು. "ಹೆಂಗಸಿಗೆ ಇದೆಲ್ಲ ಎಂತ ಗೊತ್ತಾಗ್ತದೆ ಅಂದ್ರು. ನಂಗೂ ಗೊತ್ತಿರ್ಲಿಲ್ಲ. ಆಸಿಡ್ ಬಿದ್ದು ನಾಲ್ಕು ಸೀರೆ ತೂತಾದ ಮೇಲೆ ಗೊತ್ತಾಯ್ತು" ಎಂದು, ಅವರ ಕೆಲಸ ನೋಡಲು ಬಂದ ನಮಗೆ ಹೇಳಿ ನಗುತ್ತಾರೆ.

ಈ ಸಲ, 2007ರ ಮಳೆಗಾಲದಲ್ಲಿ, ಮೂವತ್ತೆಂಟು ಬೋಟುಗಳ ಬ್ಯಾಟರಿಗಳು ಇವರ ಜಗಲಿಯಲ್ಲೇ ಹಲಗೆ ಮೇಲೆ ಕೂತಿದ್ದವು. ಹದಿನೈದು ದಿನಕ್ಕೊಮ್ಮೆ ಚಾರ್ಜು, ಬೇಕಾದಷ್ಟೇ ಡಿಸ್ಟಿಲ್ಡ್ ವಾಟರು, ತುದಿಗಳಿಗೆ ವ್ಯಾಸಲೀನು. ನೆಂಟರು ಬಂದರೆ ಕೂರಲು ಜಾಗವಿಲ್ಲ ಎಂದು ಬೊಮ್ಮಯ್ಯ ಗೊಣಗುತ್ತಾರೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇತ್ತ ಸುಕ್ರ ಪಟ್ಟು ಬಿಡುತ್ತಿಲ್ಲ. "ವೈನಿ, ಈಗಷ್ಟೇ ಎರಡು ಸಲ ಇಂಜಿನ್ ಚಾಲೂ ಆಯ್ತಲ. ಎಲ್ಲರೂ ಹೊರಟ್ರು. ಮೊದಲ ದಿನವೇ ನಾವು ದಡದಲ್ಲಿ ನಿಂತ್ರೆ ಹ್ಯಾಂಗೆ?"

"ಇವತ್ತು ಆಗ್ತದೆ, ನಾಳೆನೂ ಆಗೂದು. ನಾಡಿದ್ದು ನಡುಗಡಲಲ್ಲಿ ಇಂಜಿನೂ ಇಲ್ಲ, ವಾಯರ್‌ಲೆಸ್ಸೂ ಇಲ್ಲ. ಆಗ ಯಾರನ್ನ ಕರೀತಿ?"

ಬೋಟಿನಲ್ಲಿ ಏಳು ಜೀವಗಳಿವೆ. ವೈಜಯಂತಿ ಬ್ಯಾಟರಿಯ ವಾಯರು ಬಿಚ್ಚಿ, ನಟ್ಟು ತಿರುಗಿಸುವ ಪಾನಾವನ್ನು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಾರೆ. ಸುಕ್ರನ ಮುಖ ಊದಿಕೊಳ್ಳುತ್ತದೆ. ಹೊಸ ಬ್ಯಾಟರಿ ತರೋಣವೆಂದರೆ ಅಂಗಡಿ ಬಾಗಿಲು ತೆಗೆಯುವುದು ಒಂಬತ್ತಕ್ಕೆ. ಅಲ್ಲಿಯವರೆಗೆ ಕಾಯುವವರು ಯಾರು? ಕೊನೆಗೆ, ಕರೆಂಟ್ ಹೋದಾಗ ದೀಪಕ್ಕಿರಲಿ ಎಂದು ಮನೆಯಲ್ಲಿಟ್ಟಿದ್ದ ಗಟ್ಟಿ ಬ್ಯಾಟರಿಯನ್ನೇ ಇಬ್ಬರು ಖಲಾಸಿಗಳಿಂದ ಹೊರಿಸಿ ತಂದು ಕೂರಿಸುತ್ತಾರೆ. ಏಳು ಗಂಟೆಗೆ, ಎಲ್ಲರಿಗಿಂತ ಹಿಂದಾಗಿ, ಬೋಟು ಹೊರಡುತ್ತದೆ. ಸುಕ್ರ ತಿರುಗಿಯೂ ನೋಡುವುದಿಲ್ಲ.

ಮುಂದಿನ ನಾಲ್ಕು ದಿನ ಕರೆಂಟ್ ಹೋದಾಗಲೆಲ್ಲ ಆ ಮನೆಯಲ್ಲಿ ಚಿಮಣಿ ದೀಪ, ಜೊತೆಗೆ ಬೊಮ್ಮಯ್ಯನವರ ಗೊಣಗಾಟ. ವೈಜಯಂತಿಯವರಿಗೆ ಮಾತ್ರ ಊಟ ರುಚಿಸುತ್ತದೆ, ನಿದ್ದೆಯೂ ಚೆನ್ನಾಗಿ ಹತ್ತುತ್ತದೆ. "ನನ್ನ ಕೈಯಲ್ಲಿ ಚಾರ್ಜಾದ ಬ್ಯಾಟರಿ. ಹೆದ್ರಿಕೆ ಎಂತಕೆ?"

ಐದನೆಯ ದಿನ ಬೋಟು ತುಂಬ ಬಂಗಡೆ ಹೊತ್ತು ಸುಕ್ರ ಬಂದಿದ್ದಾನೆ. ವೈಜಯಂತಿ ತಡೆಯಲಾರದೆ ಕೇಳಿಯೇಬಿಡುತ್ತಾರೆ: "ಹ್ಯಾಂಗಿತ್ತೋ ಬ್ಯಾಟರಿ?"

ಬುಟ್ಟಿ ಇಳಿಸುತ್ತಿದ್ದ ಸುಕ್ರ ಕಣ್ಣು ಪಿಳಿಪಿಳಿ ಬಿಡುತ್ತಾನೆ. "ಯಾವ ಬ್ಯಾಟರಿ, ವೈನಿ?"

ವೈಜಯಂತಿಯವರಿಗೆ ನಗು ತಡೆಯುವುದಿಲ್ಲ. ಆಮೇಲೆ ನಮ್ಮ ಕಡೆ ತಿರುಗಿ ಹೇಳುತ್ತಾರೆ: "ಕಡಲಿಗೆ ಹೋದ ಮೇಲೆ ಇವ್ರಿಗೆ ನನ್ನ ನೆನಪೇ ಆಗ್ಬಾರ್ದು. ನಾನು ಕೆಲಸ ಮಾಡೂದು ಅದಕ್ಕೇ."